ಗೆದ್ದಲ, ನುಸಿ, ಸೋರೋ ಮಾಳಗಿ: ಹಳೇ ಮನಿ ಪ್ರಶ್ನೋತ್ತರ

ಅಡ್ಮಿನ್, ಬಾಗಲಕೋಟಿ: ಇವತ್ತ ಸಂಜಿ ಇಂಜಿನಿಯರ್ ಮೇಡಂ ನಮ್ಮ ಗುಂಪಿನ್ಯಾಗ ಅದಾರ. ತೊಲಿ, ಜಂತಿ, ಕಂಬದ ಬಗ್ಗೆ ಏನ್ ಬೇಕಾದ್ದ ಕೇಳ್ರಿ. ಫಾರ್ವರ್ಡ್ ಹಾಕಬ್ಯಾಡ್ರಿ.

ಮುಧೋಳ: ನಮಸ್ಕಾರ್ರಿ ಮೇಡಂ. ಬಾಗಲ ಚೌಕಟ್ಟಿಗೆ ಮಣ್ಣಿನ ಗೆರಿ ಏರ್ಯಾವ. ಕೆರದ ತಗದ್ರ ವಾರದಾಗ ಮತ್ತ ಬರತಾವ.

ಇಂಜಿನಿಯರ್: ಗೆದ್ದಲರಿ. ಗೂಡ ಚೌಕಟ್ಟಿನ್ಯಾಗಿಲ್ಲ, ನೆಲದಾಗ ಐತಿ. ಕಟಗಿಗೆ ಅಷ್ಟ ಔಷಧ ಬಳದ್ರ ಬಾಜೂ ಹಾದಿ ಹಿಡೀತಾವ. ಗ್ವಾಡಿ-ನೆಲ ಕೂಡೋ ಸಂದಿಗುಂಟ ಅಡಿಗೊಂದ ತೂತ ಹೊಡದು, ತೂತಿಗೆ ಲೀಟರಿನಂಗ ಔಷಧ ಇಳಸಬೇಕು. ಗೆದ್ದಲ ತಡಿಯೂ ಭಾರತೀಯ ಮಾನಕ ಐಎಸ್ 6313ರ 3ನೇ ಭಾಗದಾಗೂ ಇದ ಐತಿ. ಲೈಸೆನ್ಸ್ ಇದ್ದವರ ಕಡೆ ಮಾಡಸ್ರಿ. ಬಾವಿ, ಬೋರ್ ಹತ್ರ ಇದ್ರ ಅವರಿಗೆ ಮೊದಲ ತೋರಸ್ರಿ.

ಖಾನಾಪುರ: ಮೇಡಂ, ನಮ್ದು ಹೆಂಚಿನ ಮನಿ. ಮಳಿಗಾಲದಾಗ ಹೆಂಚಿನ ಕೆಳಗಿನ ಕಟಗಿಗೆ ಬಿಳೀ ಬೂಷ್ಟ ಹಿಡೀತೈತಿ. ಮ್ಯಾಲ ಬಣ್ಣ ಹಚ್ಚಬಹುದೇನ್ರಿ?

ವಿಜಯಪುರ: ಮಂಚದ ಕೆಳಗ ದಿನಾ ಹಿಟ್ಟ ಬೀಳತೈತಿ. ಇದೂ ಗೆದ್ದಲೇನ್ರಿ?

ಇಂಜಿನಿಯರ್: ಅಲ್ಲ, ನುಸಿ. ಕಟಗಿಯ ಬಿಳಿ ಭಾಗ ತಿಂತೈತಿ, ಕೆಚ್ಚಿಗೆ ಹೋಗೂದಿಲ್ಲ. ಪಾಲಿಶ್ ಕೆರದು ಬೋರಾಕ್ಸ್-ಬೋರಿಕ್ ನೀರ ಎರಡ ಸಲ ಕುಡಸ್ರಿ, ಒಣಗಿದ ಮ್ಯಾಲ ಪಾಲಿಶ್ ಹಚ್ರಿ. ಮಳಿ ತಾಗೋ ಕಟಗಿಗೆ ಬ್ಯಾಡ, ತೊಳದ ಹೋಗತೈತಿ.

ಗುಳೇದಗುಡ್ಡ: ಮೇಡಂ, ಅಜ್ಜನ ಕಾಲದ ಮಾಳಗಿ ಮನಿ. ಪಡಸಾಲಿ ತೊಲಿ ಗ್ವಾಡಿ ಒಳಗ ಕೂತಲ್ಲೆ ಕಪ್ಪಾಗೇತಿ. ದಬ್ಬಳ ಚುಚ್ಚಿದ್ರ ಬೆರಳುದ್ದ ಒಳಗ ಹೋತು. ಹೋದ ವರ್ಷ ಹೊರಗ ಸಿಮೆಂಟ್ ಗಿಲಾಯಿ ಮಾಡಿಸಿ, ಸೋರತೈತಂತ ಮ್ಯಾಲ ಹೊಸಾ ಮಣ್ಣೂ ಹಾಕಸೇವಿ. ಫೋಟೋ ಹಾಕೇನಿ. ಯಾವ ಔಷಧ ಹಚ್ಚಬೇಕ್ರಿ?

ಇಳಕಲ್ಲ: ಫಾರ್ವರ್ಡ್: ಹಳೇ ಇಂಜಿನ್ ಆಯಿಲ್, ಸೀಮೆಎಣ್ಣಿ, ಬೆಳ್ಳುಳ್ಳಿ ರಸ ಕೂಡಿಸಿ ಹಚ್ಚಿದ್ರ ನೂರ ವರ್ಷ ಗೆದ್ದಲ ಬರೂದಿಲ್ಲ. ಎಲ್ಲಾರಿಗೂ ಕಳಸ್ರಿ.

ಇಂಜಿನಿಯರ್: ಗುಳೇದಗುಡ್ಡದವರ, ಔಷಧದ ಮಾತ ಆಮ್ಯಾಲ. ಇವತ್ತ ರಾತ್ರಿ ಆ ಪಡಸಾಲ್ಯಾಗ ಯಾರೂ ಮಲಗಬ್ಯಾಡ್ರಿ. ಫೋಟೋದಾಗ ಜಂತಿ ಆ ಗ್ವಾಡಿ ಕಡೆ ಇಳದಾವ, ಕೆಳಗಿನ ಬಾಗಲಾನೂ ವಾರಿ ಆಗೇತಿ. ಈಗ ಬಿಗಿ ಹಿಡೀತಿರಬೇಕಲ್ರಿ?

ಆಗಿದ್ದಿಷ್ಟು. ಮಣ್ಣಿನ ಗ್ವಾಡಿ ನೀರ ಕುಡೀತೈತಿ, ಬಿಸಲಿಗೆ ಬಿಡತೈತಿ. ನೀವು ಹೊರಗ ಸಿಮೆಂಟ್ ಹೊದಸೀರಿ, ಬಿಡೂ ಹಾದಿ ಮುಚ್ಚಿತು. ತೊಲಿಯ ಕೊಯ್ದ ತುದಿ ಬತ್ತಿಯಂಗ ಆ ನೀರ ಎಳಕೊಂಡೈತಿ. ಕಟಗ್ಯಾಗ ತೇವ ನೂರಕ್ಕ 20 ದಾಟಿ ಹಂಗ ನಿಂತ್ರ ಶಿಲೀಂಧ್ರ ಹಿಡದ ಕೊಳಸತೈತಿ. ಇಲ್ಲೆ ಹುಳದ ತಪ್ಪಿಲ್ಲ.

ಅದರ ಮ್ಯಾಲ ಭಾರ. ಹತ್ತ-ಹನ್ನೆರಡ ಅಡಿ ಪಡಸಾಲಿಗೆ ನಾಲ್ಕ ಇಂಚ ಹಸಿ ಮಣ್ಣಂದ್ರ ಎರಡ ಟನ್ ಹತ್ರ. ಹಳೇ ಮಣ್ಣ ತಗೀದ ಹೊಸಾದ ಹಾಕೀರಿ ಹೌದಿಲ್ರಿ?

ಈಗ ತೊಲಿಗೆ ಗ್ವಾಡಿಯಿಂದ ಒಂದೂವರಿ ಅಡಿ ಈಚೆ ಟೇಕ (ಆಸರಿ ಕಂಬ) ಕೊಡಸ್ರಿ, ಟೇಕಿನ ಕೆಳಗೂ ಮ್ಯಾಲೂ ದಪ್ಪ ಹಲಗಿ ಇರಲಿ. ಎತ್ತಲಿಕ್ಕ ಹೋಗಬ್ಯಾಡ್ರಿ, ಬರೇ ತಾಗಿ ನಿಂದ್ರಲಿ. ಕೊಳತ ತುದಿ ಕೊಯ್ದು ಹೊಸಾ ಕಟಗಿ ಬೆಸಿಯೂದೋ, ಕಬ್ಬಿಣದ ಚಾನಲ್ ಕೊಡೂದೋ, ಜಾಗಾಕ್ಕ ಬಂದ ಹೇಳತೇನಿ. ತುದಿ ಕೆಳಗ ಕಲ್ಲ, ಸುತ್ತ ಗಾಳಿ ಆಡೂವಷ್ಟ ಸಂದಿ ಬೇಕ. ಸಂದಿಗೆ ಸಿಮೆಂಟ್ ತುಂಬಿದ್ರ ಮತ್ತ ಇದ ಕತಿ.

ಇಳಕಲ್ಲದವರ, ಮ್ಯಾಲ ಅಡ್ಮಿನ್ ಬರದದ್ದ ಓದೀರೇನ್ರಿ? ಜಂತಿಗುಂಟ ವೈರ್ ಹೋಗಿರತಾವ, ಅದಕ್ಕ ಸೀಮೆಎಣ್ಣಿ ಬಳೀತೀರಿ? ಆಯಿಲ್ ಕಟಗಿ ಮ್ಯಾಲ ಕೂತ್ರ ಮುಂದ ಬೋರಾಕ್ಸೂ ಇಳಿಯೂದಿಲ್ಲ, ಬಣ್ಣಾನೂ ಹಿಡಿಯೂದಿಲ್ಲ. ಅಳಸ್ರಿ ಅದನ್ನ.

ಜಮಖಂಡಿ: ಮೇಡಂ ಗೆದ್ದಲಿಗೆ ಏನ್ ಮಾಡಬೇಕ್ರಿ?

ಇಂಜಿನಿಯರ್: ಮುಧೋಳದವರಿಗೆ ಬರದೇನಿ.

ಇಳಕಲ್ಲ: ನಮ್ಮ ಮನ್ಯಾಗ ಹಚ್ಚೇವ್ರಿ, ಏನೂ ಆಗಿಲ್ಲ. ಇಷ್ಟೆಲ್ಲಾ ಯಾಕ, ಕೆಡವಿ ಸ್ಲ್ಯಾಬ್ ಹಾಕ್ರಿ. 2019ರ ಮಹಾಪೂರದಾಗ ಎಷ್ಟ ಮನಿ ಬಿದ್ದುವು ನೆನಪಿಲ್ಲೇನ?

ಬಾದಾಮಿ: ಕಾಕಾ, ಆಗ ಬಿದ್ದದ್ದು ನೆನದ ಮಣ್ಣಿನ ಗ್ವಾಡಿ. ಕಟಗಿ ಮ್ಯಾಲ ಯಾಕ ಹಾಕತೀರಿ? ಏಪ್ರಿಲ್‌ದಾಗ ನಿಮ್ಮ ಸ್ಲ್ಯಾಬ್ ಕೆಳಗ ಮಧ್ಯಾಹ್ನ ಮಲಗಿ ತೋರಸ್ರಿ.

ಇಳಕಲ್ಲ: ಎಸಿ ಐತಿ.

ಬಾದಾಮಿ: ಕರೆಂಟ್ ಐತೇನ?

ಖಾನಾಪುರ: ಮೇಡಂ, ನಮ್ದೂ ಒಂದ ಸಲ ನೋಡ್ರಿ.

ವಿಜಯಪುರ: ಸಾಗವಾನಿಗೆ ನುಸಿ ಹತ್ತೂದಿಲ್ಲಂತ ಅಂಗಡಿಯವರ ಅಂದಿದ್ರಲ್ರಿ. ದುಡ್ಡ ವಾಪಸ್ ಕೇಳಲೇನ?

ಬಾದಾಮಿ: ಸಾಗವಾನಿ ಅಂತ ಕೊಟ್ಟದ್ದೆಲ್ಲಾ ಸಾಗವಾನಿ ಏನ್ರಿ?

ಇಳಕಲ್ಲ: ಎಲ್ಲಾ ತಿಳದವರ ಬಂದ್ರು ನೋಡ್ರಿ.

ಅಡ್ಮಿನ್: ಇಬ್ಬರೂ ಸಾಕ ಮಾಡ್ರಿ. ಇಲ್ಲಾಂದ್ರ ತಗೀತೇನಿ.

ಜಮಖಂಡಿ: ಮುಧೋಳದವರಿಗೆ ಬರದದ್ದ ಎಲ್ಲೈತ್ರಿ?

ಇಂಜಿನಿಯರ್: ಮ್ಯಾಲ.

ಗುಳೇದಗುಡ್ಡ: ಟೇಕ ಎರಡ ಕೊಟ್ಟೇವ್ರಿ. ಬಾಗಲಾ ಬಿಗಿ ಹಿಡದದ್ದ ಖರೇ, ಹಳೇ ಮಣ್ಣೂ ತಗದಿಲ್ರಿ. ಹುಡುಗ್ರನ್ನ ಕರಕೊಂಡ ಅಣ್ಣನ ಮನಿಗೆ ಬಂದೇವಿ. ನಾಳೆ ಮಣ್ಣ ನಾವ ತಗಸಲೇನ್ರಿ?

ಇಂಜಿನಿಯರ್: ಬ್ಯಾಡ್ರಿ. ಒಂದ ಕಡೆ ತಗದು ಇನ್ನೊಂದ ಕಡೆ ಗುಡ್ಡಿ ಹಾಕಿದ್ರ ಅಲ್ಲೇ ಮುರೀತೈತಿ. ನಾ ಬರೂತನಕ ಮಾಳಗಿ ಯಾರೂ ಹತ್ತಬ್ಯಾಡ್ರಿ. ಮುಂಜಾನೆ ಹನ್ನೊಂದಕ್ಕ ಬರತೇನಿ, ಬಡಿಗ್ಯಾರನ್ನ ಕರಸಿ ಇಡ್ರಿ. ಹೊರಗಿನ ಗಿಲಾಯಿ ಒಡ್ಯಾಕ ಉಳಿ-ಸುತಗಿ ಅವರ ಕಡೇನ ಇರತೈತಿ.