ಒಬ್ಬರೇ ತಂದ ಮೊದಲ ಆಲ್ಬಮ್: ‘ಚೊಚ್ಚಲ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ರ‍್ಯಾಪರ್ ಎಂಎಫ್ ಡೂಮ್ ಅವರ 1999ರ ‘ಆಪರೇಷನ್: ಡೂಮ್ಸ್‌ಡೇ’ ಕುರಿತು ಲೇಖನ ಬರೆಯುತ್ತಿದ್ದೇನೆ. ಮೊದಲ ವಾಕ್ಯದಲ್ಲೇ ಸಿಕ್ಕಿಕೊಂಡಿದ್ದೇನೆ. ಅದು ಅವರ ‘ಡೆಬ್ಯೂ ಸೋಲೋ ಆಲ್ಬಮ್’, ಎಂದರೆ ತಂಡವಿಲ್ಲದೆ ತಂದ ಮೊದಲ ಆಲ್ಬಮ್. ಅದರ ಸಂಗೀತದ ಬಗೆ ‘ಆಲ್ಟರ್ನೇಟಿವ್ ಹಿಪ್ ಹಾಪ್’. ಇಷ್ಟನ್ನು ಕನ್ನಡದಲ್ಲಿ ಹೇಳಲು ಎರಡು ದಿನಗಳಿಂದ ಪದ ಹುಡುಕುತ್ತಿದ್ದೇನೆ.

ಪತ್ರಿಕೆಗಳ ರೂಢಿಯಂತೆ ‘ಚೊಚ್ಚಲ ಆಲ್ಬಮ್’ ಎಂದು ಬರೆದೆ, ಬರೆದು ಹೊಡೆದುಹಾಕಿದೆ. ಚೊಚ್ಚಲ ಎಂದರೆ ಮೊದಲ ಬಸಿರು, ಮೊದಲ ಹೆರಿಗೆ, ಮೊದಲ ಮಗು. ಒಬ್ಬ ತಾಯಿಗೆ ಚೊಚ್ಚಲು ಒಂದೇ. ಡೂಮ್ ಆದರೋ 1991ರಲ್ಲೇ ಜೆವ್ ಲವ್ ಎಕ್ಸ್ ಎಂಬ ಹೆಸರಿನಲ್ಲಿ, ಕಿರಿಯ ಸಹೋದರ ಸಬ್‌ರಾಕ್ ಕೂಡ ಇದ್ದ ಕೆಎಂಡಿ ತಂಡದಿಂದ ‘ಮಿಸ್ಟರ್ ಹುಡ್’ ತಂದವರು. 1993ರಲ್ಲಿ ಆ ತಮ್ಮ ಕಾರು ಬಡಿದು ತೀರಿಕೊಂಡರು. ತಂಡದ ಎರಡನೆಯ ಆಲ್ಬಮ್ ಆಗ ಬಿಡುಗಡೆಯಾಗದೆ ಉಳಿಯಿತು. ಕೆಲವು ವರ್ಷ ಕಣ್ಮರೆಯಾಗಿದ್ದು, ಹೊಸ ಹೆಸರಿಟ್ಟುಕೊಂಡು, ಮುಖ ಮುಚ್ಚಿಕೊಂಡು ಮರಳಿದ ಮೇಲೆ ಬಂದದ್ದು ಈ ಆಲ್ಬಮ್. ಇಷ್ಟು ಸಾವುನೋವು ಬೆನ್ನಿಗಿರುವ ಕೃತಿಯನ್ನು ಚೊಚ್ಚಲ ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಆ ಪದದಲ್ಲಿ ಮೊದಲ ಸಲದ ಹೆದರಿಕೆ, ಆರೈಕೆ, ಮನೆಯವರ ಸಡಗರ ಎಲ್ಲ ಸೇರಿಕೊಂಡಿದೆ.

ಕ್ರೀಡಾಪುಟಗಳು ಈ ಕಟ್ಟನ್ನು ಎಂದೋ ಸಡಿಲಿಸಿವೆ ಎಂದು ನೀವು ಹೇಳಬಹುದು. ನಿಜ. ಏಕದಿನ ಪಂದ್ಯಗಳನ್ನು ವರ್ಷಗಟ್ಟಲೆ ಆಡಿದವರಿಗೂ ‘ಚೊಚ್ಚಲ ಟೆಸ್ಟ್’ ಎನ್ನುತ್ತಾರೆ, ‘ಚೊಚ್ಚಲ ಶತಕ’ವಂತೂ ದಿನಬಳಕೆಯ ಮಾತು. ಆ ಲೆಕ್ಕದಲ್ಲಿ ತಂಡದ ಹಾಡುಗಾರಿಕೆ ಒಂದು ಆಟ, ಒಬ್ಬರೇ ಹಾಡುವುದು ಇನ್ನೊಂದು ಆಟ. ವಾದ ಸರಿಯಾಗಿದೆ. ಆದರೂ ಕಿವಿ ಒಪ್ಪುತ್ತಿಲ್ಲ.

ನನಗೆ ತೀರ ಹತ್ತಿರವೆನಿಸಿದ ಪದ ನೃತ್ಯದ ‘ರಂಗಪ್ರವೇಶ’. ಗುಂಪಿನಲ್ಲಿ ಎಷ್ಟು ಸಲ ಕುಣಿದಿದ್ದರೂ, ಒಬ್ಬರೇ ಪೂರ್ಣ ಕಾರ್ಯಕ್ರಮ ನಡೆಸಿಕೊಟ್ಟ ದಿನವೇ ರಂಗಪ್ರವೇಶ. ಡೆಬ್ಯೂ, ಸೋಲೋ ಎರಡೂ ಒಂದೇ ಪದದಲ್ಲಿ ಅಡಗಿವೆ! ಆದರೆ ಅದು ಸಂದರ್ಭದ ಹೆಸರು, ಕೃತಿಯ ಹೆಸರಲ್ಲ. ‘ರಂಗಪ್ರವೇಶದ ಆಲ್ಬಮ್’ ಎಂದರೆ ಓದುವವರು ಫೋಟೋಗಳ ಆಲ್ಬಮ್ ಎಂದೇ ತಿಳಿಯುತ್ತಾರೆ.

‘ಸೋಲೋ’ಗೆ ‘ಏಕವ್ಯಕ್ತಿ’ ಸಾಲದು. ಏಕವ್ಯಕ್ತಿ ಪ್ರದರ್ಶನದಲ್ಲಿ ರಂಗದ ಮೇಲೆ ಒಬ್ಬರೇ ಇರುತ್ತಾರೆ. ಈ ಆಲ್ಬಮಿನಲ್ಲಿ ಅತಿಥಿ ರ‍್ಯಾಪರ್‌ಗಳು ಹಲವರಿದ್ದಾರೆ. ‘ಸ್ವತಂತ್ರ ಆಲ್ಬಮ್’ ಎಂದರೆ ದೊಡ್ಡ ಕಂಪನಿಯ ಹಂಗಿಲ್ಲದೆ ಬಂದದ್ದು ಎಂಬ ಅರ್ಥ ಬರುತ್ತದೆ. ಇದು ಸಣ್ಣ ಸ್ವತಂತ್ರ ಲೇಬಲ್‌ನಿಂದ ಬಂದದ್ದೂ ನಿಜವಾದ್ದರಿಂದ ಗೊಂದಲ ಇಮ್ಮಡಿಯಾಗುತ್ತದೆ. ‘ಸ್ವಂತ ಹೆಸರಿನ ಮೊದಲ ಆಲ್ಬಮ್’ ಎಂಬ ಬಳಸುಮಾತು ಗಾಯಕಿ ಲಾರಿನ್ ಹಿಲ್ ಅವರಿಗೆ ಚೆನ್ನಾಗಿ ಒಪ್ಪುತ್ತದೆ. ಫ್ಯೂಜೀಸ್ ತಂಡದಲ್ಲಿದ್ದ ಅವರು 1998ರಲ್ಲಿ ತಂದ ಆಲ್ಬಮಿನ ಶೀರ್ಷಿಕೆಯಲ್ಲೇ ಅವರ ಹೆಸರಿದೆ. ಡೂಮ್ ಅವರ ಹೆಸರೇ ಮುಖವಾಡ. ಅಲ್ಲಿ ‘ಸ್ವಂತ’ ಎಂದರೆ ಸುಳ್ಳಾಗುತ್ತದೆ. ಕಛೇರಿ ಸಂಗೀತದಲ್ಲಿ ತಾಳವಾದ್ಯದವರಷ್ಟೇ ನುಡಿಸುವ ‘ತನಿ ಆವರ್ತನ’ದಿಂದ, ಒಂಟಿ ಎಂಬ ಅರ್ಥದ ‘ತನಿ’ಯನ್ನು ಎರವಲು ತರೋಣವೆಂದರೆ, ಕನ್ನಡದಲ್ಲಿ ತನಿ ಎಂದರೆ ಮಾಗಿದ್ದು, ಸವಿಯಾದದ್ದು. ‘ತನಿವಣ್ಣು’ ನೆನಪಾಗಿ ಆ ಆಸೆಯನ್ನೂ ಬಿಟ್ಟೆ.

‘ಆಲ್ಬಮ್’ ಹಾಗೆಯೇ ಇರಲಿ. ‘ಧ್ವನಿಸುರುಳಿ’ ಕ್ಯಾಸೆಟ್ಟಿನ ಕಾಲದ್ದು. ‘ಗೀತಗುಚ್ಛ’ದಲ್ಲಿ ಹೂವನ್ನು ಹಿಂದುಮುಂದಾಗಿ ಕಟ್ಟಿದರೂ ನಡೆಯುತ್ತದೆ, ಇಲ್ಲಿ ಹಾಡುಗಳ ನಡುವೆ ಕಾರ್ಟೂನಿನ ಸಂಭಾಷಣೆಗಳನ್ನು ಪೋಣಿಸಿ ಕಥೆ ಕಟ್ಟಿದ್ದಾರೆ, ಕ್ರಮ ಮುಖ್ಯ.

‘ಆಲ್ಟರ್ನೇಟಿವ್’ ವಿಷಯದಲ್ಲಿ ನಿಮ್ಮ ಸಹಾಯ ಹೆಚ್ಚು ಬೇಕು. ‘ಪರ್ಯಾಯ ಹಿಪ್ ಹಾಪ್’ ಎಂದರೆ ರಸ್ತೆ ಮುಚ್ಚಿದಾಗ ತೋರಿಸುವ ಪರ್ಯಾಯ ಮಾರ್ಗದಂತೆ, ಹಿಪ್ ಹಾಪ್‌ನ ಬದಲಿಗೆ ಬಳಸುವ ಬೇರೇನೋ ಎಂದಾಗುತ್ತದೆ. ಡಿ ಲಾ ಸೋಲ್ ಮೊದಲಾದ ತಂಡದವರು 1980ರ ದಶಕದ ಕೊನೆಗೆ ಮಾಡಿದ್ದು ಹಿಪ್ ಹಾಪ್ ಅನ್ನೇ. ಚಾಲ್ತಿಯಲ್ಲಿದ್ದ ಗತ್ತನ್ನು ಬಿಟ್ಟು ಬೇರೆ ಕಡೆಗೆ ತಿರುಗಿದರು, ಅಷ್ಟೆ. ಸಿನಿಮಾದವರು ‘ಹೊಸ ಅಲೆ’ ಎಂದರು, ಆದರೆ ಮೂವತ್ತು ವರ್ಷ ದಾಟಿದ್ದನ್ನು ಹೊಸದೆನ್ನುವುದು ಹೇಗೆ? ‘ಕವಲು’ ನನಗೆ ಇಷ್ಟವಾದ ಪದ: ಅದೇ ಮರ, ಬೇರೆ ದಿಕ್ಕು. ‘ಕವಲು ಹಿಪ್ ಹಾಪ್’ ಎಂದು ಓದಿದರೆ ನಿಮಗೆ ಏನು ತೋಚುತ್ತದೆ, ದಯವಿಟ್ಟು ತಿಳಿಸಿ.

ಸದ್ಯಕ್ಕೆ ನನ್ನ ವಾಕ್ಯ ಹೀಗಿದೆ: ‘ತಂಡ ಚದುರಿದ ಮೇಲೆ ಡೂಮ್ ಒಬ್ಬರೇ ನಿಂತು ತಂದ ಮೊದಲ ಆಲ್ಬಮ್ ಇದು.’ ಉದ್ದವಾಯಿತು, ಆದರೆ ಸುಳ್ಳಿಲ್ಲ. ಇದಕ್ಕಿಂತ ಚಿಕ್ಕದಾಗಿ ಹೇಳಬಲ್ಲವರು ಹೇಳಿ. ಇನ್ನೊಂದು ಕೋರಿಕೆ: ಕ್ರೀಡಾವರದಿಗಳಿಗಿಂತ ಹಿಂದಿನ ಬರಹಗಳಲ್ಲಿ, ಹೆರಿಗೆಗೆ ಸಂಬಂಧವಿಲ್ಲದ ಸಂದರ್ಭದಲ್ಲಿ ‘ಚೊಚ್ಚಲ’ ಬಳಕೆಯಾದದ್ದನ್ನು ಯಾರಾದರೂ ನೋಡಿದ್ದರೆ, ಆ ಸಾಲನ್ನು ಪೂರ್ತಿಯಾಗಿ ಬರೆದು ಕಳುಹಿಸಿ.