ಉಪಗ್ರಹಕ್ಕೆ ಏನೇನು ಕಾಣುತ್ತದೆ? ಕೇಳಿ (ಬೋರ್‌ವೆಲ್ ಪಾಯಿಂಟ್ ಒಂದು ಬಿಟ್ಟು)

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಉಪಗ್ರಹ ಚಿತ್ರ ನೋಡಿ ಕಾಡು, ಕೆರೆ, ಭೂಕುಸಿತದ ನಕ್ಷೆ ಮಾಡುವುದೇ ಕೆಲಸವಾಗಿರುವ ನಮ್ಮ ಗುಂಪಿನ ಮೇಡಂ ಇವತ್ತು ಸಂಜೆ ಉತ್ತರ ಕೊಡಲು ಒಪ್ಪಿದ್ದಾರೆ. ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಮೆಸೇಜ್ ಹಾಕಬೇಡಿ. ಬೋರ್‌ವೆಲ್ ಪಾಯಿಂಟ್ ಕೇಳಬೇಡಿ ಎಂದು ಮೊದಲೇ ಹೇಳಿದ್ದಾರೆ.

ತುಮಕೂರು ತೆಂಗು: ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ತೋಟದಲ್ಲಿ ನಾಲ್ಕು ಬೋರ್ ಫೇಲಾಗಿವೆ. ಒಬ್ಬರು ಉಪಗ್ರಹದ ಆ್ಯಪ್‌ನಲ್ಲಿ ನೋಡಿ ಪಾಯಿಂಟ್ ಹೇಳುತ್ತೇನೆ, ಎರಡು ಸಾವಿರ ಕೊಡಿ ಅನ್ನುತ್ತಿದ್ದಾರೆ. ಕೊಡಬಹುದಾ?

ನಕ್ಷೆ ಮೇಡಂ: ಕೊಡಬೇಡಿ. ಐನೂರು ಆರುನೂರು ಅಡಿ ಕೆಳಗಿನ ನೀರು ಯಾವ ಉಪಗ್ರಹಕ್ಕೂ ಕಾಣುವುದಿಲ್ಲ. ಚಿತ್ರದಲ್ಲಿ ಸಿಗುವುದು ನೆಲದ ಮೇಲ್ಮೈ. ಬಂಡೆಯಲ್ಲಿ ಸೀಳು ಹಾದುಹೋದ ಜಾಡು ಅಷ್ಟಿಷ್ಟು ಗೊತ್ತಾಗುತ್ತದೆ. ಅದರ ಆಧಾರದಲ್ಲಿ ಮಾಡಿದ ಅಂತರ್ಜಲ ನಕ್ಷೆಗಳು ಇಸ್ರೋದ ಭುವನ್ ತಾಣದಲ್ಲಿವೆ, ಪುಕ್ಕಟೆ. ಆದರೆ ಅವು 1:50,000 ಅಳತೆಯವು. ನಕ್ಷೆಯ ಒಂದು ಮಿಲಿಮೀಟರ್ ನಿಮ್ಮ ತೋಟದಲ್ಲಿ 50 ಮೀಟರ್. ಯಾವ ಪ್ರದೇಶ ಎಂದು ಹೇಳುತ್ತವೆ, ಯಾವ ಜಾಗ ಎಂದಲ್ಲ. ಭೂವಿಜ್ಞಾನಿಯನ್ನು ಕರೆಸಿ ನೆಲದ ಮೇಲೇ ರೆಸಿಸ್ಟಿವಿಟಿ ಸರ್ವೆ (ನೆಲಕ್ಕೆ ವಿದ್ಯುತ್ ಹರಿಸಿ ಮಾಡುವ ಪರೀಕ್ಷೆ) ಮಾಡಿಸಿ.

ಹಳ್ಳಿ ಮೇಷ್ಟ್ರು: ಆದರೆ ನಾಸಾದವರು ಉಪಗ್ರಹದಿಂದಲೇ ಅಂತರ್ಜಲ ಅಳೆದಿದ್ದಾರೆ ಎಂದು ಓದಿದ್ದೆನಲ್ಲ?

ನಕ್ಷೆ ಮೇಡಂ: ಒಳ್ಳೆಯ ಪ್ರಶ್ನೆ ಮೇಷ್ಟ್ರೇ. ಅದರ ಹೆಸರು ಗ್ರೇಸ್. 2002ರಲ್ಲಿ ಹಾರಿದ ಜೋಡಿ ಉಪಗ್ರಹ. ಒಂದರ ಹಿಂದೊಂದು, ಸುಮಾರು 220 ಕಿ.ಮೀ. ಅಂತರದಲ್ಲಿ ಹೋಗುತ್ತಿದ್ದವು. ಕೆಳಗೆ ತೂಕ ಜಾಸ್ತಿ ಇದ್ದ ಕಡೆ ಮುಂದಿನದಕ್ಕೆ ಸೆಳೆತ ಮೊದಲು ತಾಗುತ್ತದೆ. ಎರಡರ ನಡುವಿನ ಅಂತರ ಕೂದಲೆಳೆಗಿಂತ ಕಡಿಮೆ ಬದಲಾದರೂ ಗೊತ್ತಾಗುತ್ತದೆ. ಅದನ್ನು ಅಳೆದು ನೀರಿನ ತೂಕದ ಏರಿಳಿತ ಲೆಕ್ಕ ಹಾಕುತ್ತಾರೆ. ರಾಜಸ್ಥಾನ, ಪಂಜಾಬ್, ಹರಿಯಾಣದಲ್ಲಿ 2002ರಿಂದ 2008ರ ಒಳಗೆ 109 ಘನ ಕಿ.ಮೀ. ಅಂತರ್ಜಲ ಖಾಲಿಯಾಗಿದೆ ಎಂದು 2009ರಲ್ಲಿ ತೋರಿಸಿದ್ದು ಇದರ ಲೆಕ್ಕದಿಂದಲೇ. ತುಂಬಿದ ಕೆಆರ್‌ಎಸ್ ಅಂದರೆ 49 ಟಿಎಂಸಿ ಚಿಲ್ಲರೆ. ಅಂಥ 75ಕ್ಕೂ ಜಾಸ್ತಿ ಅಣೆಕಟ್ಟೆಯಷ್ಟು ನೀರು. ಆದರೆ ಕೆಲವು ನೂರು ಕಿ.ಮೀ. ಅಗಲದ ಪ್ರದೇಶಕ್ಕಿಂತ ಚಿಕ್ಕದು ಅದಕ್ಕೆ ತಿಳಿಯುವುದಿಲ್ಲ. ಇಡೀ ತುಮಕೂರು ಜಿಲ್ಲೆಯೇ ಅದರ ಲೆಕ್ಕಕ್ಕೆ ಸಾಲದು.

ಕೋಲಾರ ಟೊಮೆಟೊ: ನಮ್ಮದು ಮೂರು ಎಕರೆ ಮೇಡಂ. ಲೊಕೇಶನ್ ಕಳಿಸಲಾ?

ನಕ್ಷೆ ಮೇಡಂ: ಬೇಡ. ಮೇಲೆ ಓದಿ.

ಬೆಳಗಾವಿ ಕಬ್ಬು: ನಮಸ್ಕಾರ್ರಿ ಮೇಡಂ. ಕಬ್ಬು ಕಡಿದ ಮೇಲೆ ರವದಿ ಸುಡುತ್ತೇವೆ. ಉಪಗ್ರಹದಾಗ ಚುಕ್ಕಿ ಬೀಳುತ್ತದ, ದಂಡ ಹಾಕುತ್ತಾರ ಅಂತ ಪಕ್ಕದ ಹೊಲದವರು ಹೆದರಿಸ್ತಾರ. ಸಂಜಿ ಮುಂದ ಸುಟ್ಟರ ಕಾಣಸೂದಿಲ್ಲ ಅಂತಾರ, ಖರೇನ್ರಿ?

ನಕ್ಷೆ ಮೇಡಂ: ದಂಡದ ವಿಷಯ ನನಗೆ ಸೇರಿದ್ದಲ್ಲ. ಚುಕ್ಕಿಯ ವಿಷಯ ಹೇಳುತ್ತೇನೆ. ಬೆಂಕಿ ಗುರುತಿಸುವ ವಿಐಐಆರ್‌ಎಸ್ ಎಂಬ ಸಲಕರಣೆ ಹೊತ್ತ ಉಪಗ್ರಹಗಳು ಮಧ್ಯಾಹ್ನ ಒಂದೂವರೆ, ರಾತ್ರಿ ಒಂದೂವರೆಯ ಆಸುಪಾಸಿನಲ್ಲಿ ನಮ್ಮ ಮೇಲೆ ಹಾದು ಹೋಗುತ್ತವೆ. ಅದರ ಚಿತ್ರದ ಒಂದು ಚೌಕ 375 ಮೀಟರ್ ಉದ್ದಗಲ, ಅಂದರೆ ಹತ್ತಿರ ಹತ್ತಿರ 35 ಎಕರೆ. ನಕ್ಷೆಯಲ್ಲಿ ಬೆಂಕಿಯ ಚುಕ್ಕಿ ಬೀಳುವುದು ಚೌಕದ ನಡುವೆ. ನಿಮ್ಮ ಬೆಂಕಿಗೆ ಪಕ್ಕದವರ ಹೊಲದಲ್ಲಿ ಚುಕ್ಕಿ ಬೀಳಬಹುದು. ಚುಕ್ಕಿ ನೋಡಿ ಸರ್ವೆ ನಂಬರ್ ಹೇಳುವವರನ್ನು ನಂಬಬೇಡಿ.

ಸಂಜೆ ಸುಟ್ಟರೆ ಆ ಹೊತ್ತಿನ ಬೆಂಕಿ ತಪ್ಪಿಹೋಗಬಹುದು. ಪಂಜಾಬಿನಲ್ಲೂ ಮಧ್ಯಾಹ್ನದ ಹಾರಾಟ ಮುಗಿದ ಮೇಲೆ ಭತ್ತದ ಕೂಳೆ ಸುಡುವುದು ಹೆಚ್ಚಾಗಿದೆ ಎಂದು ವಿಜ್ಞಾನಿಗಳು ಹೇಳಿದ್ದಾರೆ. ಆದರೆ ಸುಟ್ಟ ನೆಲದ ಕಪ್ಪು ಎಲ್ಲಿಗೆ ಹೋಗುತ್ತದೆ? ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಜೋಡಿ ಐದು ದಿನಕ್ಕೊಮ್ಮೆ 10 ಮೀಟರ್ ವಿವರದಲ್ಲಿ ಚಿತ್ರ ತೆಗೆಯುತ್ತದೆ. ಅದರಲ್ಲಿ ನಿಮ್ಮ ಹೊಲದ ಅಂಚೂ ಕಾಣುತ್ತದೆ. ರವದಿ ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಕ್ಕರೆ ಸಾಲಿನ ನಡುವೆ ಹಾಸಿಬಿಡಿ.

ದೇಶಪ್ರೇಮಿ: ನಾಸಾ ತೆಗೆದ ದೀಪಾವಳಿ ರಾತ್ರಿಯ ಭಾರತದ ಚಿತ್ರ, ಬಣ್ಣಬಣ್ಣದ್ದು, ಇಲ್ಲಿ ಹಾಕಿದ್ದೇನೆ. ಮೇಡಂ ಇದರ ಬಗ್ಗೆ ನಾಲ್ಕು ಮಾತು ಹೇಳಲಿ.

ನಕ್ಷೆ ಮೇಡಂ: ಫಾರ್ವರ್ಡ್ ಬೇಡ ಎಂದಿದ್ದರು ಅಲ್ವಾ? ಪ್ರತಿ ವರ್ಷ ಇದು ನನಗೆ ಬರುತ್ತದೆ. ಇದು ದೀಪಾವಳಿಯೂ ಅಲ್ಲ, ಒಂದು ರಾತ್ರಿಯದ್ದೂ ಅಲ್ಲ. ಊರುಗಳು ಬೆಳೆದದ್ದನ್ನು ತೋರಿಸಲು ಅಮೆರಿಕದ ಹವಾಮಾನ ಸಂಸ್ಥೆಯ ವಿಜ್ಞಾನಿಯೊಬ್ಬರು 2003ರಲ್ಲಿ ಜೋಡಿಸಿದ್ದು. ಬಿಳಿ ಅಂದರೆ 1992ಕ್ಕೂ ಮೊದಲಿದ್ದ ದೀಪ, ನೀಲಿ 1992, ಹಸಿರು 1998, ಕೆಂಪು 2003. ನಾಸಾ 2012ರ ದೀಪಾವಳಿಯ ನಿಜವಾದ ಚಿತ್ರವನ್ನೂ ಹಾಕಿತ್ತು. ಹಣತೆಯ ಬೆಳಕು ಅಷ್ಟು ಮೇಲಿಂದ ಬೇರೆಯಾಗಿ ಕಾಣುವುದಿಲ್ಲ ಎಂದೇ ಅದರಲ್ಲಿ ಬರೆದಿತ್ತು.

ದೇಶಪ್ರೇಮಿ: ಭಾರತದ ಒಳ್ಳೆಯದು ಕೆಲವರಿಗೆ ಹಿಡಿಸುವುದಿಲ್ಲ ಬಿಡಿ.

ಬೆಳ್ಳಂದೂರು ನಿವಾಸಿ: ಮೇಡಂ, ಒಂದು ತಾಣದಲ್ಲಿ ನಮ್ಮ ಕೆರೆ ಕಡು ಹಸಿರಾಗಿ ಕಾಣುತ್ತದೆ. ಹಸಿರು ಅಂದರೆ ಆರೋಗ್ಯ ಎಂದು ಪಕ್ಕದಲ್ಲಿ ಬರೆದಿದೆ. ಕೆರೆ ಸುಧಾರಿಸಿದೆಯಾ?

ನಕ್ಷೆ ಮೇಡಂ: ಅದು ಗಿಡದ ಸೂಚ್ಯಂಕ. ಎಲೆ ಕಂಡರೆ ಹಸಿರು ಬಳಿಯುತ್ತದೆ. ನಿಮ್ಮ ಕೆರೆಯ ಮೇಲೆ ಜೊಂಡು, ಕಳೆ ತುಂಬಿದೆ, ಅಷ್ಟೇ. ನೀರಿನಲ್ಲಿ ಕರಗಿದ ಕೊಳಚೆ ತಿಳಿಯಬೇಕಾದರೆ ಬಾಟಲಿಯಲ್ಲಿ ನೀರು ತುಂಬಿಸಿ ಪ್ರಯೋಗಾಲಯಕ್ಕೆ ಕೊಡಿ.

ಮಗಳ ಅಪ್ಪ: ಮಗಳು ಎಂಎಸ್ಸಿ ಭೂಗೋಳ ಮುಗಿಸಿದ್ದಾಳೆ. ಇಸ್ರೋ ಸೇರಬೇಕೆಂಬ ಆಸೆ. ದಾರಿ ತೋರಿಸಿ ಮೇಡಂ.

ಕಾಫಿ ಹೂವು: ಮೇಡಂ, ನಾವು ಸೋಮವಾರಪೇಟೆ ಕಡೆಯವರು. ಮನೆ ಹಿಂದಿನ ಬರೆಯ (ಗುಡ್ಡದ ಇಳಿಜಾರಿನ) ಮೇಲೆ, ಕಾಫಿ ಗಿಡಗಳ ನಡುವೆ, ನೆಲ ಬಿರುಕು ಬಿಟ್ಟಿದೆ. ಒಂದು ವಾರದಿಂದ ಬಿಡದೆ ಮಳೆ. ನಿಸಾರ್ ಉಪಗ್ರಹ ನೆಲ ಸೆಂಟಿಮೀಟರ್ ಸರಿದರೂ ಹೇಳುತ್ತದಂತೆ. ನಮ್ಮ ಜಾಗ ನೋಡಿ ಹೇಳಬಹುದಾ?

ನಕ್ಷೆ ಮೇಡಂ: ಬೇರೆಯವರು ಸ್ವಲ್ಪ ಕಾಯಿರಿ. ಅಮ್ಮಾ, ಬಿರುಕು ನೇರ ಇದೆಯಾ, ಬಿಲ್ಲಿನ ಹಾಗೆ ಬಾಗಿದೆಯಾ? ಕೆಳಗಿನ ಬದಿ ಕುಸಿದಿದೆಯಾ? ಒರತೆ ನೀರಿನ ಬಣ್ಣ ಹೇಗಿದೆ?

ಕಾಫಿ ಹೂವು: ಬಾಗಿದೆ. ಎರಡು ತುದಿಯೂ ಮನೆ ಕಡೆಗೆ ತಿರುಗಿವೆ. ಕೆಳಗಿನ ಬದಿ ಒಂದು ಗೇಣು ಕುಸಿದಿದೆ. ಪೈಪಿನಲ್ಲಿ ಬರುವ ಒರತೆ ನೀರು ನಿನ್ನೆಯಿಂದ ಕೆಂಪು. ಹಿಂಬಾಗಿಲು ಮುಚ್ಚುವುದಕ್ಕೆ ಆಗುತ್ತಿಲ್ಲ. ಮಳೆಗೆ ಮರ ಉಬ್ಬಿದೆ ಎಂದುಕೊಂಡೆವು.

ನಕ್ಷೆ ಮೇಡಂ: ಗಮನವಿಟ್ಟು ಓದಿ. ನೀವು ಹೇಳಿದ ನಾಲ್ಕೂ ಬರೆ ಜಾರುತ್ತಿರುವ ಲಕ್ಷಣ. ಇವತ್ತು ರಾತ್ರಿ ಆ ಮನೆಯಲ್ಲಿ ಮಲಗಬೇಡಿ. 1077ಕ್ಕೆ ಫೋನ್ ಮಾಡಿ, ಅದು ಜಿಲ್ಲಾ ವಿಪತ್ತು ಸಹಾಯವಾಣಿ. ಪಂಚಾಯಿತಿಗೂ ಹೇಳಿ. ಬಿರುಕು ನೋಡಲು, ಫೋಟೊ ತೆಗೆಯಲು ಮತ್ತೆ ಮೇಲೆ ಹೋಗಬೇಡಿ. ಬರೆಯ ಕೆಳಗೆ ಬೇರೆ ಮನೆ, ಕಾರ್ಮಿಕರ ಲೈನ್ ಮನೆ ಇದ್ದರೆ ಅವರನ್ನೂ ಎಬ್ಬಿಸಿ.

ಈಗ ನಿಸಾರ್ ವಿಷಯ. ನಾಸಾ ಮತ್ತು ಇಸ್ರೋ ಸೇರಿ ಮಾಡಿದ್ದು, 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿತು. ಹಳೆಯ ರೇಡಾರ್ ಉಪಗ್ರಹ ಸೆಂಟಿನೆಲ್-1 ನೆಲಕ್ಕೆ ಕಳಿಸುವ ರೇಡಿಯೊ ಅಲೆಯ ಉದ್ದ 5.6 ಸೆಂ.ಮೀ. ಕಾಫಿ ತೋಟದಲ್ಲಿ ಮೇಲಿನ ಸಿಲ್ವರ್ ಓಕ್, ನೆರಳು ಮರಗಳ ಎಲೆಗೇ ತಾಗಿ ವಾಪಸ್ ಬರುತ್ತದೆ. ಗಾಳಿಗೆ ಎಲೆ ಅಲ್ಲಾಡಿದರೆ ಲೆಕ್ಕ ಕೆಟ್ಟಿತು. ನಿಸಾರ್‌ನ ದೊಡ್ಡ ಅಲೆ 24 ಸೆಂ.ಮೀ. ಅದು ಎಲೆ ದಾಟಿ ನೆಲಕ್ಕೆ ಹೋಗುತ್ತದೆ. ಮಲೆನಾಡಿಗೆ ಅದಕ್ಕೇ ಅದು ಬೇಕಿತ್ತು. ವರ್ಷಗಟ್ಟಲೆ ನಿಧಾನಕ್ಕೆ ಸರಿಯುವ ಗುಡ್ಡ ಯಾವುದು ಎಂದು ಹುಡುಕಲು ಅದಕ್ಕಿಂತ ಒಳ್ಳೆಯ ಸಾಧನ ನಮ್ಮ ಹತ್ತಿರ ಇರಲಿಲ್ಲ.

ಆದರೆ ಅದು ಅದೇ ಜಾಗಕ್ಕೆ ಅದೇ ದಾರಿಯಲ್ಲಿ ಮರಳಿ ಬರುವುದು 12 ದಿನಕ್ಕೆ. ಹೋಲಿಸಲು ಎರಡು ಚಿತ್ರ ಬೇಕು. ಎರಡರ ನಡುವೆ ನೆಲ ಒಂದು ಗೇಣು ಕುಸಿದರೆ ಅಲೆಯ ಲೆಕ್ಕ ಕೈಗೆ ಸಿಗುವುದಿಲ್ಲ. ನಿಮ್ಮ ಬರೆ ಆಗಲೇ ಆ ಹಂತ ದಾಟಿದೆ. ವಯನಾಡಿನ ಭೂಕುಸಿತ 2024ರ ಜುಲೈ 30ರ ನಸುಕಿನಲ್ಲಿ ಆಯಿತು. ಇಸ್ರೋದ ಹೈದರಾಬಾದ್ ದೂರಸಂವೇದಿ ಕೇಂದ್ರ ಎನ್‌ಆರ್‌ಎಸ್‌ಸಿ ರೇಡಾರ್ ಚಿತ್ರ ತೆಗೆದದ್ದು ಮರುದಿನ. 86,000 ಚದರ ಮೀಟರ್ ನೆಲ ಜಾರಿದೆ, ಮಣ್ಣು ಬಂಡೆ 8 ಕಿ.ಮೀ. ಹರಿದಿದೆ ಎಂದು ಅದರಿಂದ ಗೊತ್ತಾಯಿತು. ಅದೇ ಜಾಗದಲ್ಲಿ ಹಿಂದೆಯೂ ಕುಸಿದ ದಾಖಲೆ ಅವರ ಹತ್ತಿರ ಇತ್ತು. ಯಾವ ಗುಡ್ಡ ಅಪಾಯದ್ದು ಎಂದು ಉಪಗ್ರಹ ಹೇಳಬಹುದು. ಯಾವ ರಾತ್ರಿ ಎಂದು ಹೇಳುವುದಿಲ್ಲ. ಅದನ್ನು ಹೇಳುತ್ತಿರುವುದು ನಿಮ್ಮ ಹಿಂಬಾಗಿಲು.

ಪ್ರಕೃತಿ ಪ್ರಿಯ: ಗಾಬರಿ ಬೇಡ ಅಕ್ಕ. ಬಿರುಕಿಗೆ ಸಿಮೆಂಟ್ ಹಾಲು ಸುರಿದು, ಮೇಲೆ ಲಾವಂಚ ನೆಟ್ಟು, ತಲೆಯ ಮೇಲೆ ಇಂಗುಗುಂಡಿ ತೋಡಿದರೆ ನೀರೆಲ್ಲ ಅಲ್ಲೇ ಇಂಗುತ್ತದೆ. ಬೇರೆ ಗುಂಪಿನಲ್ಲಿ ಬಂದದ್ದು. ಲಕ್ಷ ಜನಕ್ಕೆ ಉಪಯೋಗ ಆಗಿದೆ.

ನಕ್ಷೆ ಮೇಡಂ: ದಯವಿಟ್ಟು ಅದನ್ನು ಅಳಿಸಿ. ಇಂಗಿದ ನೀರೇ ಈಗ ಬರೆಯನ್ನು ತಳ್ಳುತ್ತಿರುವುದು. ಜಾರುವ ಇಳಿಜಾರಿನ ತಲೆಯ ಮೇಲೆ ಇಂಗುಗುಂಡಿ ತೋಡಿ ಎನ್ನುವುದು ಆ ಮನೆಯವರ ಪ್ರಾಣಕ್ಕೆ ಕುತ್ತು ತರುವ ಮಾತು. ಲಾವಂಚ ಮೇಲ್ಮಣ್ಣು ಹಿಡಿಯುತ್ತದೆ, ಅದೂ ಬೇರು ಬಿಟ್ಟ ಮೇಲೆ. ಈ ಮಳೆಯಲ್ಲಿ ನೆಡಲು ಅಗೆದರೆ ನೀರು ಇಳಿಯಲು ಇನ್ನೊಂದು ದಾರಿ. ಸಿಮೆಂಟ್ ಹಾಕಿದರೆ ಬಿರುಕು ಅಗಲವಾಗುವುದು ಕಾಣುವುದಿಲ್ಲ, ಸರಿಯುವುದು ನಿಲ್ಲುವುದೂ ಇಲ್ಲ. ಮಳೆ ನಿಂತ ಮೇಲೆ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಬಂದು ನೋಡಲಿ. ಬಿರುಕು ಮುಚ್ಚುವುದು, ಚರಂಡಿ ತಿರುಗಿಸುವುದು ಅವರು ಹೇಳಿದ ಮೇಲೆ.

ಪ್ರಕೃತಿ ಪ್ರಿಯ: ನಮ್ಮ ಹಿರಿಯರಿಗೆ ಉಪಗ್ರಹ ಇತ್ತಾ ಮೇಡಂ?

ನಕ್ಷೆ ಮೇಡಂ: ಹಿರಿಯರು ಬರೆಯನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದು ಮನೆ ಕಟ್ಟುತ್ತಿರಲಿಲ್ಲ.

ಮಡಿಕೇರಿ ಮಂಜು: ಇಸ್ರೋದ ಭೂಕುಸಿತ ಪಟ್ಟಿಯಲ್ಲಿ ಕೊಡಗು ಇದೆಯಲ್ಲ. ನಮ್ಮ ಊರು ಕೆಂಪಾ ಹಸಿರಾ ಹೇಳಿ.

ನಕ್ಷೆ ಮೇಡಂ: 2023ರ ಆ ಅಟ್ಲಾಸ್ 17 ರಾಜ್ಯ, 2 ಕೇಂದ್ರಾಡಳಿತ ಪ್ರದೇಶಗಳ 147 ಜಿಲ್ಲೆಗಳದ್ದು. ಜಿಲ್ಲೆಯ ಲೆಕ್ಕ. ನಿಮ್ಮ ಊರಿನ ಬಣ್ಣ ಅದರಲ್ಲಿಲ್ಲ.

ಕಾಡುಕೋಣ: ಕಾಡಿನ ಪ್ರಶ್ನೆ. ಸರ್ಕಾರದ ವರದಿ ಪ್ರಕಾರ ಹಸಿರು ಹೆಚ್ಚಾಗಿದೆ. ನಮ್ಮ ಕಣ್ಣೆದುರೇ ಕಾಡು ಹೋಗುತ್ತಿದೆ. ಉಪಗ್ರಹ ಸುಳ್ಳು ಹೇಳುತ್ತದಾ?

ನಕ್ಷೆ ಮೇಡಂ: ಉಪಗ್ರಹ ಕಂಡದ್ದನ್ನು ಹೇಳುತ್ತದೆ. ನಿಮ್ಮ ಜಗಳ ವ್ಯಾಖ್ಯೆಯ ಜೊತೆ ಇರಬೇಕು. ಭಾರತೀಯ ಅರಣ್ಯ ಸರ್ವೇಕ್ಷಣೆಯ ಲೆಕ್ಕದಲ್ಲಿ ಒಂದು ಹೆಕ್ಟೇರಿಗಿಂತ ದೊಡ್ಡ ಜಾಗದಲ್ಲಿ ಮರದ ನೆರಳು ಕನಿಷ್ಠ 10 ಶೇಕಡಾ ಇದ್ದರೆ ಅದು ಅರಣ್ಯ ಹೊದಿಕೆ. ಯಾರ ಜಮೀನು, ಯಾವ ಮರ ಎಂದು ಕೇಳುವುದಿಲ್ಲ. ನೀಲಗಿರಿ, ಅಕೇಶಿಯಾ, ಕಾಫಿ, ತೆಂಗು ಎಲ್ಲ ಸೇರುತ್ತದೆ. ಶೋಲಾ ಕಾಡು ಹೋಗಿ ಅಕೇಶಿಯಾ ಬಂದರೆ ಆ ಅಂಕಿಯಲ್ಲಿ ನಷ್ಟ ಕಾಣುವುದೇ ಇಲ್ಲ. ಇದು ನನಗೂ ಸಿಟ್ಟು ಬರಿಸುವ ವಿಷಯ.

ಕಾಡುಕೋಣ: ಅಂದರೆ ಅಡಿಕೆಯವರು ಬೆಟ್ಟ ಬೋಳಿಸಿ ತೋಟ ಮಾಡಿದರೂ ಕಾಡು ಎಂದೇ ಲೆಕ್ಕ!

ಶಿರಸಿ ಅಡಿಕೆ: ಅಡಿಕೆಯವರು ಎಂದರೆ ಯಾರು ಮಾರಾಯ್ರೆ? ಸೊಪ್ಪಿನಬೆಟ್ಟ ಕಾಪಾಡಿಕೊಂಡು ಬಂದದ್ದೇ ನಾವು. ಸೊಪ್ಪಿಲ್ಲದೆ ನಮ್ಮ ತೋಟ ಇಲ್ಲ. ಅಕೇಶಿಯಾ ನೆಟ್ಟವರನ್ನು ಹೋಗಿ ಕೇಳಿ.

ಕಾಡುಕೋಣ: ಸೊಪ್ಪಿನಬೆಟ್ಟದಲ್ಲಿ ಈಗ ಸೊಪ್ಪು ಎಲ್ಲಿದೆ? ಅರ್ಧ ಬೆಟ್ಟ ಹೊಸ ತೋಟ.

ಶಿರಸಿ ಅಡಿಕೆ: ಯಾವ ಊರಿನ ಬೆಟ್ಟ? ಬನ್ನಿ ತೋರಿಸುತ್ತೇನೆ. ಬೆಂಗಳೂರಿನಲ್ಲಿ ಕೂತು ಬರೆಯುವುದು ಸುಲಭ.

ಬಯಲುಸೀಮೆ: ಚನ್ನಗಿರಿ ಕಡೆ ಭತ್ತದ ಗದ್ದೆಯೆಲ್ಲ ಅಡಿಕೆ ಆಗಿದೆ. ಅದೂ ಕಾಡಾ ಹಾಗಾದರೆ?

ಕಾಡುಕೋಣ: ನಾನು ಬೆಂಗಳೂರಿನವನಲ್ಲ. ಸಾಗರದವನು. ತೀರ್ಥಹಳ್ಳಿಯಲ್ಲಿ ಓದಿದವನು.

ಶಿರಸಿ ಅಡಿಕೆ: ಊಟ ಆದ ಮೇಲೆ ಎಲೆ ಅಡಿಕೆಯ ಕವಳ ಹಾಕುವುದಿಲ್ಲವಾ ನೀವು?

ಅಡ್ಮಿನ್: ವೈಯಕ್ತಿಕ ಬೇಡ.

ವಿದ್ಯಾರ್ಥಿನಿ: ಮೇಡಂ, ಹತ್ತು ವರ್ಷದ ಚಿತ್ರ ಹೋಲಿಸಿ ನಮ್ಮ ಊರಿನ ಕೆರೆ ಬಗ್ಗೆ ಪ್ರಾಜೆಕ್ಟ್ ಮಾಡಬೇಕು. ಪುಕ್ಕಟೆ ಎಲ್ಲಿ ಸಿಗುತ್ತದೆ?

ನಕ್ಷೆ ಮೇಡಂ: ಯುರೋಪಿನ ಕೊಪರ್ನಿಕಸ್ ಬ್ರೌಸರ್ ತಾಣದಲ್ಲಿ ಸೆಂಟಿನೆಲ್-2, 2015ರಿಂದ ಈಚೆಗಿನದು. ಅದಕ್ಕೂ ಹಿಂದಿನದು ಬೇಕಾದರೆ ಅಮೆರಿಕದ ಲ್ಯಾಂಡ್‌ಸ್ಯಾಟ್, 30 ಮೀಟರ್ ವಿವರ, 2008ರಿಂದ ಎಲ್ಲರಿಗೂ ಪುಕ್ಕಟೆ. ನಮ್ಮ ದೇಶದ ಉಪಗ್ರಹಗಳ ಚಿತ್ರ ಇಸ್ರೋದ ಭೂನಿಧಿ ತಾಣದಲ್ಲಿವೆ. ಹೋಲಿಸುವಾಗ ಎಲ್ಲ ವರ್ಷದ್ದೂ ಒಂದೇ ತಿಂಗಳ ಚಿತ್ರ ತಗೊಳ್ಳಿ. ಒಂದು ವರ್ಷದ ಮೇ, ಇನ್ನೊಂದು ವರ್ಷದ ನವೆಂಬರ್ ಪಕ್ಕಪಕ್ಕ ಇಟ್ಟು ಕೆರೆ ಬತ್ತಿದೆ, ತುಂಬಿದೆ ಎನ್ನುವ ಪೋಸ್ಟ್‌ಗಳು ಸಾಕಷ್ಟು ಓಡಾಡುತ್ತಿವೆ.

ಗದಗ ಶೇಂಗಾ: ಬೆಳೆ ವಿಮೆಗೆ ಉಪಗ್ರಹದ ಚಿತ್ರ ನೋಡುತ್ತಾರಂತೆ. ನಮ್ಮದು ಪೂರ್ತಿ ಒಣಗಿದರೂ ನಷ್ಟ ಇಲ್ಲ ಎಂದು ಬಂದಿದೆ. ಯಾರನ್ನು ಕೇಳಬೇಕು?

ಚಿಂತಾಮಣಿ ರೇಷ್ಮೆ: ಮೇಡಂ, ಬೋರ್...

ನಕ್ಷೆ ಮೇಡಂ: ಇಲ್ಲ.

ಮೊಬೈಲ್ ಗೆಳೆಯ: ಗೂಗಲ್‌ನಲ್ಲಿ ನಮ್ಮ ಮನೆ ಲೈವ್ ನೋಡುವುದು ಹೇಗೆ?

ನಕ್ಷೆ ಮೇಡಂ: ಲೈವ್ ಅಲ್ಲ. ಹಳೆಯ ಚಿತ್ರ.

ಮೊಬೈಲ್ ಗೆಳೆಯ: ಲೈವ್ ಬರುವ ಆ್ಯಪ್ ಇದೆಯಂತೆ, ಲಿಂಕ್ ಹಾಕಲಾ?

ನಕ್ಷೆ ಮೇಡಂ: ಹಾಕಬೇಡಿ. ಯಾರೂ ಒತ್ತಬೇಡಿ.

ಕಾಫಿ ಹೂವು: ಮೇಡಂ, 1077ಕ್ಕೆ ಹೇಳಿದ್ದೇವೆ. ಲೈನ್ ಮನೆಯವರು ಶಾಲೆಗೆ ಹೋದರು. ಮಾವ ಮಾತ್ರ ಹೊರಡುತ್ತಿಲ್ಲ. 2018ರ ಮಳೆಯಲ್ಲೇ ಏನೂ ಆಗಲಿಲ್ಲ, ದನ ಬಿಟ್ಟು ಬರುವುದಿಲ್ಲ ಎನ್ನುತ್ತಾರೆ.

ನಕ್ಷೆ ಮೇಡಂ: 2018ರಲ್ಲಿ ಬಿರುಕು ಇತ್ತಾ ಎಂದು ಕೇಳಿ. ದನದ ಹಗ್ಗ ಬಿಚ್ಚಿ ಬಿಡಿ, ಅವು ದಾರಿ ಹುಡುಕಿಕೊಳ್ಳುತ್ತವೆ. ನನ್ನ ನಂಬರ್ ನಿಮಗೆ ಬೇರೆಯಾಗಿ ಕಳಿಸಿದ್ದೇನೆ. ಈಗಲೇ ಫೋನ್ ಮಾಡಿ ಮಾವನವರ ಕೈಗೆ ಕೊಡಿ. ಬೆಳಕಿರುವಾಗಲೇ ಹೊರಡಬೇಕು.

ಶಿರಸಿ ಅಡಿಕೆ: ಮೇಡಂ, ಅಡಿಕೆ ತೋಟ ಕಾಡಲ್ಲ ಎಂದು ನೀವು ಹೇಳಲಿಲ್ಲ, ಅವರು ತಿರುಚುತ್ತಿದ್ದಾರೆ. ಸ್ಪಷ್ಟ ಮಾಡಿ.

ಕಾಡುಕೋಣ: ತಿರುಚಿದವರು ಯಾರು? ಸ್ಕ್ರೀನ್‌ಶಾಟ್ ಇದೆ ನನ್ನ ಹತ್ತಿರ.

ನಕ್ಷೆ ಮೇಡಂ: ಅಡ್ಮಿನ್, ನಾನು ಫೋನ್‌ನಲ್ಲಿರುತ್ತೇನೆ. ಇವತ್ತಿಗೆ ಇಷ್ಟೇ.

ಗದಗ ಶೇಂಗಾ: ಮೇಡಂ, ವಿಮೆ ಕೇಳಿದ್ದೆ.

ಅಡ್ಮಿನ್: ಕಾಮೆಂಟ್ ಮುಚ್ಚುತ್ತಿದ್ದೇನೆ. ಅಡಿಕೆ ವಿಷಯಕ್ಕೆ ಬೇರೆ ಪೋಸ್ಟ್ ಹಾಕಿಕೊಳ್ಳಿ.