ಪ್ರಶ್ನೋತ್ತರ: ಚೀಟಿ ಎತ್ತಿ ಆರಿಸಿದರೆ ಅದು ಪ್ರಜಾಪ್ರಭುತ್ವವಾ?

ಪ್ರಶ್ನೆ: ಮೇಷ್ಟ್ರೇ, ಪ್ರಾಚೀನ ಗ್ರೀಸಿನ ಅಥೆನ್ಸಿನಲ್ಲಿ ಹುದ್ದೆಗಳನ್ನು ಚೀಟಿ ಎತ್ತಿ ತುಂಬುತ್ತಿದ್ದರು ಅಂತ ಓದಿದೆ. ಮಗಳ ಪಿಯುಸಿ ಪುಸ್ತಕದಲ್ಲಿ ‘ನೇರ ಪ್ರಜಾಪ್ರಭುತ್ವ’ ಅಂತ ಮಾತ್ರ ಇದೆ. ಯಾವುದು ಸರಿ?

ಉತ್ತರ (ರಾಜ್ಯಶಾಸ್ತ್ರ ಉಪನ್ಯಾಸಕ): ಎರಡೂ ಸರಿ. ಕಾನೂನು ಮಾಡುವಾಗ ನಾಗರಿಕರೇ ಪ್ನಿಕ್ಸ್ ಗುಡ್ಡದ ಮೇಲೆ ಸೇರಿ ಕೈ ಎತ್ತುತ್ತಿದ್ದರು. ಆದರೆ ಆ ಸಭೆಗೆ ವಿಷಯ ಸಿದ್ಧ ಮಾಡುವ 500 ಜನರ ಸಮಿತಿಗೆ ಲಾಟರಿ. ವರ್ಷಕ್ಕೊಮ್ಮೆ ಹೊಸಬರು, ಒಬ್ಬನಿಗೆ ಜೀವನದಲ್ಲಿ ಎರಡೇ ಸಲ ಅವಕಾಶ. ನ್ಯಾಯ ಹೇಳುವ ಜೂರಿಗೂ ಲಾಟರಿಯೇ. ಓಟಿನಿಂದ ಬರುತ್ತಿದ್ದವರಲ್ಲಿ ಮುಖ್ಯರು 10 ಸೇನಾಪತಿಗಳು. ಚೀಟಿ ಬಂತು ಅಂತ ಯಾರ ಕೈಗೋ ಸೈನ್ಯ ಕೊಡುವುದಕ್ಕಾಗುತ್ತದಾ! ಚೀಟಿ ಪ್ರಜಾಪ್ರಭುತ್ವದ ದಾರಿ, ಚುನಾವಣೆ ಕೆಲವೇ ಜನರ ಆಳ್ವಿಕೆಯ ದಾರಿ ಅನ್ನುವ ಅಭಿಪ್ರಾಯವನ್ನು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಬರೆದಿಟ್ಟಿದ್ದಾನೆ. ಹೆಸರು, ದುಡ್ಡು ಇದ್ದವರೇ ಓಟಿನಲ್ಲಿ ಗೆಲ್ಲುವುದು ಜಾಸ್ತಿ, ಅಲ್ವಾ?

ಪ್ರಶ್ನೆ: ಹಾಗಾದರೆ ನಮಗಿಂತ ಅವರೇ ವಾಸಿ ಸಾರ್. ಎಲೆಕ್ಷನ್ ಖರ್ಚಾದರೂ ಉಳಿಯುತ್ತಿತ್ತು.

ಉತ್ತರ: ಸುಮ್ನೆ ಹೊಗಳಬೇಡಿ. ಚೀಟಿಯಲ್ಲಿ ಯಾರ ಹೆಸರಿತ್ತು ನೋಡಿ. ಹೆಂಗಸರಿಲ್ಲ, ಗುಲಾಮರಿಲ್ಲ, ಹೊರಗಿಂದ ಬಂದು ನೆಲೆಸಿದವರಿಲ್ಲ. ಕ್ರಿ.ಪೂ. 451ರಲ್ಲಿ ಅಲ್ಲಿನ ನಾಯಕ ಪೆರಿಕ್ಲೀಸ್ ತಂದ ಕಾನೂನಿನ ಪ್ರಕಾರ ನಾಗರಿಕ ಅನ್ನಿಸಿಕೊಳ್ಳಲು ಅಪ್ಪ ಅಮ್ಮ ಇಬ್ಬರೂ ಅಥೆನ್ಸಿನವರಾಗಿರಬೇಕಿತ್ತು. ಸ್ಟಾಗಿರಾ ಅನ್ನುವ ಬೇರೆ ಊರಿನಿಂದ ಬಂದ ಅರಿಸ್ಟಾಟಲ್‌ಗೇ ಅಲ್ಲಿ ಓಟಿರಲಿಲ್ಲ! ಈ ಕಾಲದ ನೇರ ಪ್ರಜಾಪ್ರಭುತ್ವ ಅಂದರೆ ಸ್ವಿಟ್ಜರ್ಲೆಂಡ್ ಅನ್ನುತ್ತೇವೆ. ಅಲ್ಲೂ ದೇಶದ ಮಟ್ಟದಲ್ಲಿ ಹೆಂಗಸರಿಗೆ ಓಟು ಸಿಕ್ಕಿದ್ದು 1971ರಲ್ಲಿ. ನಮ್ಮಲ್ಲಿ 1951-52ರ ಮೊದಲ ಚುನಾವಣೆಯಲ್ಲೇ 21 ತುಂಬಿದ ಹೆಂಗಸರು, ಗಂಡಸರು ಎಲ್ಲರಿಗೂ ಓಟು. ಆಸ್ತಿ, ಓದು ಯಾವುದನ್ನೂ ಕೇಳಲಿಲ್ಲ. ನನ್ನ ಲೆಕ್ಕದಲ್ಲಿ ಆರಿಸುವ ವಿಧಾನಕ್ಕಿಂತ ಇದು ದೊಡ್ಡ ವಿಷಯ.

ಇನ್ನೊಬ್ಬರ ಪ್ರಶ್ನೆ: ತಮಿಳುನಾಡಿನ ಉತ್ತರಮೇರೂರಿನಲ್ಲೂ ಚೀಟಿ ಪದ್ಧತಿ ಇತ್ತಲ್ಲ? ಈಗ ಎಲ್ಲಾದರೂ ಉಳಿದಿದೆಯಾ?

ಉತ್ತರ: ಇತ್ತು. 10ನೇ ಶತಮಾನದ ಚೋಳರ ಶಾಸನದಲ್ಲೇ ಇದೆ. ಊರಿನ 30 ಭಾಗಗಳಿಂದ ಓಲೆಯ ಮೇಲೆ ಹೆಸರು ಬರೆದು ಗಡಿಗೆಗೆ ಹಾಕಿ, ಚಿಕ್ಕ ಹುಡುಗನ ಕೈಯಲ್ಲಿ ಎತ್ತಿಸುತ್ತಿದ್ದರು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಗಡಿಗೆಗೆ ಹೋಗುವಂತಿಲ್ಲ, ಅವನ ನೆಂಟರದ್ದೂ ಇಲ್ಲ! ಆದರೆ ಅದು ಬ್ರಾಹ್ಮಣರ ಸಭೆ. ಸ್ವಂತ ಜಮೀನು, ಮನೆ, ವೇದದ ಓದು ಬೇಕಿತ್ತು.

ಈಗಲೂ ನಮ್ಮ ಚುನಾವಣೆಯಲ್ಲಿ ಇಬ್ಬರಿಗೆ ಸಮ ಓಟು ಬಂದರೆ ಚೀಟಿಯೇ ಗತಿ. ಐರ್ಲೆಂಡ್ ಇನ್ನೂ ಮುಂದೆ ಹೋಯಿತು. 2016ರಲ್ಲಿ 99 ಸಾಮಾನ್ಯ ಜನರನ್ನು ಲಾಟರಿ ಮಾದರಿಯಲ್ಲೇ ಆರಿಸಿ, ಗರ್ಭಪಾತದ ಕಾನೂನಿನ ಚರ್ಚೆಗೆ ಕೂರಿಸಿದರು. ಅವರು ಕೊಟ್ಟ ಸಲಹೆ ಸಂಸತ್ತಿಗೆ ಹೋಗಿ, 2018ರಲ್ಲಿ ಇಡೀ ದೇಶದ ಓಟಿಗೆ ಬಂತು. ಸಂವಿಧಾನವೇ ತಿದ್ದುಪಡಿಯಾಯಿತು.